ಇಲಿ ಹಿಡಿಯುವವರ ಕೋಟು

ಅನುಮಾನ ನನ್ನ ಹುಟ್ಟುಗುಣ. ಬದನೆಕಾಯಿಯನ್ನು ಹಿಚುಕಿ ನೋಡದೆ ಕೊಂಡವಳಲ್ಲ, ಬೆಳ್ಳಗಿದೆ ಎಂದ ಮಾತ್ರಕ್ಕೆ ಹಾಲೆಂದು ನಂಬಿದವಳಲ್ಲ. ಲಂಡನ್ನಿನಲ್ಲಿ ಇಷ್ಟು ವರ್ಷ ಹೋಟೆಲು ನಡೆಸಿದ ಮೇಲೆ ಆ ಗುಣ ಇನ್ನಷ್ಟು ಬಲಿತಿದೆ. ತಟ್ಟೆ ಖಾಲಿ ಮಾಡಿ ‘ಲವ್ಲಿ, ಲವ್ಲಿ’ ಎಂದು ಹೇಳಿ ಹೋದವರು ಮನೆ ಸೇರುವ ಮೊದಲೇ ಫೋನಿನಲ್ಲಿ ನಮಗೆ ಒಂದೇ ಒಂದು ನಕ್ಷತ್ರ ಕೊಟ್ಟದ್ದನ್ನು ಕಂಡಿದ್ದೇನೆ. ಇಲ್ಲಿಯ ಜನ ಬೈಯುವಾಗಲೂ ಮುಖದ ನಗು ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಅವರು ನಕ್ಕಾಗ ನಾನು ಮೈಯೆಲ್ಲ ಕಣ್ಣಾಗಿರುತ್ತೇನೆ.

ಆ ಮೆಸೇಜು ಬಂದಾಗ ನಾನು ಗ್ರೈಂಡರಿನಿಂದ ಉದ್ದಿನ ಹಿಟ್ಟು ಬಳಿದು ತೆಗೆಯುತ್ತಿದ್ದೆ. ಕೈ ಒರೆಸಿಕೊಂಡು ಫೋನು ನೋಡಿದೆ. ಮಗಳು ಕಳಿಸಿದ್ದಳು. ಅವಳದ್ದಲ್ಲ, ಅವಳು ಮದುವೆಯಾಗಲಿರುವ ಹುಡುಗನ ತಾಯಿ ಅವಳಿಗೆ ಬರೆದದ್ದನ್ನು ಹಾಗೆಯೇ ನನಗೆ ದಾಟಿಸಿದ್ದಳು. ‘ಬಟ್ಟೆಯ ಬಗ್ಗೆ ನಿಮ್ಮಮ್ಮ ತಲೆ ಕೆಡಿಸಿಕೊಳ್ಳುವುದು ಬೇಡ. ನವೆಂಬರ್ ತನಕ ಬರೀ ರ‍್ಯಾಟ್‌ಕ್ಯಾಚರ್ ಸಾಕು. ಬೂಟು ಮಾತ್ರ ಒಳ್ಳೆಯದಿರಲಿ.’ ಕೊನೆಗೆ ಒಂದು ನಗುಮುಖ.

ರ‍್ಯಾಟ್‌ಕ್ಯಾಚರ್. ಇಲಿ ಹಿಡಿಯುವವನು. ನಾನು ಅದನ್ನು ಮತ್ತೆ ಮತ್ತೆ ಓದಿದೆ. ಇದು ನಮ್ಮನ್ನೇ ಚುಚ್ಚಿದ್ದು ಎನಿಸಿತು.

ಹಾಗೆನಿಸಲು ಕಾರಣವಿತ್ತು. ಲಂಡನ್ನಿನ ಪಶ್ಚಿಮದ ಅಂಚಿನ ಹೇಸ್‌ನಲ್ಲಿ ನಮ್ಮದು ಪುಟ್ಟ ಹೋಟೆಲು. ಇಡ್ಲಿ, ದೋಸೆ, ಮಧ್ಯಾಹ್ನ ಊಟ; ಎಂಟು ಟೇಬಲ್ಲು. ಗಿರಾಕಿಗಳೆಂದರೆ ಸುತ್ತಲಿನ ಗೋದಾಮುಗಳಲ್ಲಿ ಕೆಲಸ ಮಾಡುವವರು, ವಿಮಾನ ನಿಲ್ದಾಣದ ಪಾಳಿ ಮುಗಿಸಿ ಬರುವವರು. ಕೆಲವು ವರ್ಷಗಳ ಹಿಂದೆ ಪಕ್ಕದ ಅಂಗಡಿಯನ್ನು ಒಡೆದು ಕಟ್ಟುವಾಗ ಅಲ್ಲಿದ್ದ ಇಲಿಗಳೆಲ್ಲ ನೆಲೆ ತಪ್ಪಿ ನಮ್ಮ ಗೋಡೆಯೊಳಗೆ ಬಂದು ಸೇರಿಕೊಂಡವು. ಅದೇ ಹೊತ್ತಿಗೆ ಕೌನ್ಸಿಲ್‌ನವರು, ಅಂದರೆ ಇಲ್ಲಿಯ ನಗರಸಭೆಯವರು, ತಪಾಸಣೆಗೆ ಬಂದರು. ಅಕ್ಕಿ ಚೀಲದ ಹಿಂದೆ ಟಾರ್ಚು ಬಿಟ್ಟು ನೋಡಿದರು. ಬಾಗಿಲ ಗಾಜಿನ ಮೇಲೆ ಹಸಿರು ಸ್ಟಿಕರಿನಲ್ಲಿ ಐದಕ್ಕೆ ಐದು ಎಂದಿದ್ದ ನಮ್ಮ ಶುಚಿತ್ವದ ಅಂಕ ಒಂದಕ್ಕೆ ಬಂತು. ಇಲಿ ಹಿಡಿಯುವವನು ಬಂದು ಪೆಟ್ಟಿಗೆ ಇಟ್ಟ, ತೂತು ಮುಚ್ಚಿದ, ಇಲಿಗಳು ಹೋದವು. ಅಂಕವೂ ಮತ್ತೆ ಐದಾಯಿತು. ಆದರೆ ಅಂತರ್ಜಾಲಕ್ಕೆ ಹೋದದ್ದು ಹೋಗುತ್ತದೆಯೇ? ಯಾರೋ ಪುಣ್ಯಾತ್ಮರು ಆ ‘ಒಂದರ’ ಫೋಟೋ ತೆಗೆದು ಹಾಕಿದ್ದು ಇವತ್ತಿಗೂ ಇದೆ. ನಮ್ಮ ಹೆಸರು ಒತ್ತಿದರೆ ದೋಸೆಯ ಪಕ್ಕದಲ್ಲೇ ಅದೂ ಬರುತ್ತದೆ.

ಆ ಹೆಂಗಸು ಹುಡುಕಿ ನೋಡಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಮಗನಿಗೆ ಹೆಣ್ಣು ತರುವ ಮೊದಲು ಯಾವ ತಾಯಿ ವಿಚಾರಿಸುವುದಿಲ್ಲ? ನಾನೂ ಅವರ ಊರಿನ ಹೆಸರು ಹಾಕಿ ಹುಡುಕಿರಲಿಲ್ಲವೇ?

ನನ್ನ ಗಂಡ ಈರುಳ್ಳಿ ಹೆಚ್ಚುತ್ತ ಪೂರ್ತಿ ಕೇಳಿಸಿಕೊಂಡರು. ಅವರಿಗೆ ಯಾರ ಮೇಲೂ ಅನುಮಾನವಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಹಾಗಿದ್ದದ್ದರಿಂದ ಸಂಸಾರ ನಡೆದಿದೆ.

“ಕುಂಬ್ಳಕಾಯಿ ಕಳ್ಳ ಅಂದ್ರೆ ಹೆಗ್ಲ್ ಮುಟ್ಕಂಡ ಅಂಬ್ರ್, ಹಾಂಗಾಯ್ತ್ ನಿನ್ ಕಥಿ,” ಎಂದರು, ನಮ್ಮ ಕುಂದಾಪುರದ ಮಾತಿನಲ್ಲಿ. “ಅದ್ ಎಂತದೋ ಅವ್ರ್ ಬದಿ ಮಾತ್ ಆಯ್ಕ್ ಮಾರಾಯ್ತಿ. ಮಗಳ್‌ನ್ನೇ ಕೇಣ್.”

ಮಗಳನ್ನು ಕೇಳಲು ನನಗೆ ಮನಸ್ಸಾಗಲಿಲ್ಲ. ಕೇಳಿದರೆ ನೋವಾಗಿದೆ ಎಂದು ಒಪ್ಪಿಕೊಂಡ ಹಾಗೆ. ಅದರ ಬದಲು ಫೋನಿನಲ್ಲಿ ಆ ಪದ ಒತ್ತಿ ನೋಡಿದೆ. ಹಿಂದೆ ಹುಡುಕಿದ್ದರ ಪ್ರಭಾವವೋ ಏನೋ, ಹೇಸ್ ಸುತ್ತಮುತ್ತ ಇಲಿ, ಜಿರಲೆ ಹಿಡಿಯುವವರ ಫೋನ್ ನಂಬರುಗಳು ಸಾಲಾಗಿ ಬಂದವು. ನಾನು ಫೋನು ಮುಚ್ಚಿ ಹಿಟ್ಟಿಗೆ ಉಪ್ಪು ಹಾಕಲು ಹೋದೆ.

ಈ ಬೂಟು ಕೋಟುಗಳ ಕಥೆ ಎಲ್ಲಿಂದ ಬಂತೆಂದು ಹೇಳಬೇಕು. ಮಗಳು ಚಿಕ್ಕವಳಿದ್ದಾಗ ಹತ್ತಿರದ ಪಿನ್ನರ್‌ನಲ್ಲಿರುವ ನಮ್ಮ ಕನ್ನಡದವರ ಮಕ್ಕಳೆಲ್ಲ ಭರತನಾಟ್ಯ ಕಲಿಯುತ್ತಿದ್ದರು. ಇವಳು ಮಾತ್ರ ಕುದುರೆ ಬೇಕೆಂದು ಹಟ ಹಿಡಿದಳು. ಹೇಸ್‌ನಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಹೊಲಗಳ ನಡುವೆ ಒಂದು ಲಾಯವಿತ್ತು. ಅಲ್ಲಿ ಲದ್ದಿ ಬಾಚಿ, ಕುದುರೆಗಳ ಮೈ ತಿಕ್ಕಿ, ಅದರ ಬದಲಿಗೆ ಸವಾರಿ ಕಲಿತಳು. ಈಗ ಕ್ಯಾನರಿ ವಾರ್ಫ್‌ನಲ್ಲಿ ಬ್ಯಾಂಕಿನ ಕೆಲಸ, ಅಲ್ಲೇ ಹತ್ತಿರ ಫ್ಲ್ಯಾಟು. ಅದೇ ಆಫೀಸಿನ ಹುಡುಗ. ಅವನ ಮನೆಯವರು ಲಂಡನ್ನಿನ ಆಚೆ, ಹಳ್ಳಿಗಾಡಿನ ಕಡೆಯವರು, ತಲೆತಲಾಂತರದಿಂದ ನರಿಬೇಟೆಯವರು. ಇವಳು ಕುದುರೆ ಹತ್ತುತ್ತಾಳೆಂದು ಗೊತ್ತಾದದ್ದೇ ತಡ, ಈ ಶರತ್ಕಾಲದ ಬೇಟೆಯ ಮೊದಲ ದಿನಕ್ಕೆ ನಮ್ಮ ಜೊತೆ ಬಾ ಎಂದು ಕರೆದರು.

ನರಿ ಬೇಟೆ ಎಂದಾಗ ನನಗೆ ಸಿಟ್ಟು ಬಂದಿತ್ತು. ನಮ್ಮಲ್ಲಿ ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ. ಊರಿನಲ್ಲಿ ಅದು ಬರೀ ಮಾತು, ಕಂಡವರು ಕಡಿಮೆ. ಲಂಡನ್ನಿಗೆ ಬಂದ ಮೇಲೆ ನಮ್ಮ ಹಿತ್ತಿಲ ಓಣಿಯ ಕಸದ ಡಬ್ಬಿಯ ಬಳಿ ದಿನಾ ಕಾಣತೊಡಗಿತು. ಹೋಟೆಲು ತೆರೆಯಲು ಹೊರಟಾಗೆಲ್ಲ ಎದುರಿಗೆ ಬರುತ್ತದೆ. ಇಷ್ಟು ನರಿ ಮುಖ ನೋಡಿದವಳು ಇಷ್ಟು ಹೊತ್ತಿಗೆ ಅರಮನೆ ಕಟ್ಟಿಸಬೇಕಿತ್ತು ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ಆದರೂ ಪರೀಕ್ಷೆಯ ದಿನ ನರಿ ಮುಖ ಕಾಣಲೆಂದು ಮಗಳನ್ನು ಹಿಂದಿನ ಬಾಗಿಲಿನಿಂದಲೇ ಕಳಿಸುತ್ತಿದ್ದೆ.

“ಅಮ್ಮ, ಈಗ ನರಿ ಹಿಡಿಯುವುದಿಲ್ಲ, ಅದು ಕಾನೂನಿಗೆ ವಿರುದ್ಧ,” ಎಂದು ಮಗಳು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರಿಸುವುದು. ಅದು ನಮ್ಮಿಬ್ಬರ ರೂಢಿ. ಈಗ ಒಬ್ಬರು ವಾಸನೆ ಹಚ್ಚಿದ ಬಟ್ಟೆ ತುಂಡನ್ನು ಹೊಲದ ಉದ್ದಕ್ಕೂ ಎಳೆದುಕೊಂಡು ಹೋಗುತ್ತಾರಂತೆ. ನಾಯಿಗಳು ಆ ಜಾಡು ಹಿಡಿದು ಓಡುತ್ತವಂತೆ, ಅದರ ಹಿಂದೆ ಕುದುರೆಗಳು. ಬಟ್ಟೆ ತುಂಡಿಗೆ ಅಷ್ಟೊಂದು ನಾಯಿ ಯಾಕೆ? ಅಷ್ಟು ಶಿಸ್ತಿನ ಉಡುಪು ಯಾಕೆ? ದಾರಿಯಲ್ಲಿ ನಿಜವಾದ ನರಿಯೇ ಎದ್ದರೆ ನಾಯಿಗಳು ಅದಕ್ಕೆ ಕಾನೂನು ಓದಿ ಹೇಳುತ್ತವೆಯೇ? ನಾನು ಕೇಳಿದ್ದಕ್ಕೆಲ್ಲ ಅವಳು, “ಹಾಗೇನಾದರೂ ಆದರೆ ನಾನು ಕುದುರೆ ತಿರುಗಿಸಿ ಬರುತ್ತೇನೆ, ಪ್ರಾಮಿಸ್,” ಎಂದಳು.

ನಿಜ ಹೇಳಬೇಕೆಂದರೆ ನನ್ನ ಭಯ ನರಿಯದ್ದಲ್ಲ. ಈ ಹುಡುಗಿ ಆ ಕೋಟು ತೊಟ್ಟು ಅವರ ಬೇಲಿ ಹಾರಿದ ಮೇಲೆ ನಮ್ಮ ಕಡೆ ತಿರುಗಿ ನೋಡುತ್ತಾಳೋ ಇಲ್ಲವೋ ಎಂಬುದು. ಒಗ್ಗರಣೆಯ ವಾಸನೆಯ ಅಪ್ಪ ಅಮ್ಮನನ್ನು ಅವರ ಮುಂದೆ ನಮ್ಮವರು ಎನ್ನುತ್ತಾಳೋ, ಮೆಲ್ಲಗೆ ಮರೆಗೆ ಸರಿಸುತ್ತಾಳೋ? ಈಗ ನೋಡಿದರೆ ಅವರು ಇಲಿಯ ಮಾತು ಬೇರೆ ಎತ್ತಿದ್ದರು. ಸೋಮವಾರ ನಮ್ಮ ಹೋಟೆಲಿಗೆ ರಜೆ. ಅದೇ ದಿನ ಮಗಳು ಬೂಟು ಕೊಳ್ಳಲು ಹೋಗುವವಳಿದ್ದಳು. ಹುಡುಗನ ತಾಯಿಯೂ ಊರಿಂದ ಬಂದು ಸೇರುವವರಿದ್ದರು. ನಾನೂ ಬರುತ್ತೇನೆ ಎಂದು ಬರೆದೆ.

“ನೀ ಎಂತಕ್ ಹೋಪ್ದ್?” ಎಂದರು ಗಂಡ.

“ಕಾಂಬುಕೆ,” ಎಂದೆ.

ಎಲಿಜಬೆತ್ ಲೈನಿನ ರೈಲಿನಲ್ಲಿ ಹೋಗಿ ಇಳಿದಾಗ ಮಗಳು ನಿಲ್ದಾಣದ ಹೊರಗೆ ಕಾಯುತ್ತಿದ್ದಳು. ನಾನು ನನ್ನ ಒಳ್ಳೆಯ ಉಣ್ಣೆ ಕೋಟು ಹಾಕಿ, ಎರಡೆಳೆಯ ಸರ ಕಾಣುವ ಹಾಗೆ ಶಾಲು ಹೊದ್ದಿದ್ದೆ. ಸವಾರಿಯ ಬೂಟು ಕೋಟು ಮಾರುವ ಆ ಅಂಗಡಿ ಹಳೆಯದು. ಒಳಗೆ ಕಾಲಿಟ್ಟರೆ ಚರ್ಮದ, ಮೇಣದ ವಾಸನೆ. ಅಲ್ಲಿ ನಿಂತಿದ್ದ ಎತ್ತರದ ಹೆಂಗಸನ್ನು ನಾನು ಕೆಲಸದವಳೆಂದುಕೊಂಡೆ. ಬಣ್ಣ ಹೋದ ಜಾಕೆಟ್ಟು, ಅದರ ಮೇಲೆ ನಾಯಿ ಕೂದಲು, ಬಾಚದ ತಲೆ. ಅವರೇ ಹುಡುಗನ ತಾಯಿ. ನನ್ನ ಎರಡೂ ಕೈ ಹಿಡಿದು, “ನೀವು ಬಂದದ್ದು ಎಷ್ಟು ಒಳ್ಳೆಯದಾಯಿತು,” ಎಂದರು. ಕೈ ಒರಟಾಗಿತ್ತು. ಬಾವಿ ಹಗ್ಗ ಎಳೆದವರ ಕೈಯ ಹಾಗೆ. ನನಗೆ ಒಂದು ಗಳಿಗೆ ಅವರು ಇಷ್ಟವಾಗಿಬಿಟ್ಟರು. ತಕ್ಷಣ ಎಚ್ಚೆತ್ತುಕೊಂಡೆ.

ಅವರ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿತ್ತು. ಅದರಿಂದ ಒಂದು ಕೋಟು ಎಳೆದು ಮಗಳ ಭುಜಕ್ಕೆ ಹಿಡಿದರು. ಪಾಚಿ ಬಣ್ಣದ ಒರಟು ಉಣ್ಣೆ, ಅದರಲ್ಲಿ ಸಣ್ಣ ಸಣ್ಣ ಚೌಕ. “ನನ್ನ ಅಮ್ಮನದು. ಆಮೇಲೆ ನಾನು ಹಾಕಿದೆ. ನಿನಗೆ ಸರಿಯಾಗಬಹುದು,” ಎಂದರು.

ಮಗಳು ಖುಷಿಯಿಂದ ತೋಳು ತೂರಿಸಿದಳು. ನನಗೆ ಮೈ ಉರಿಯಿತು. ನಮ್ಮಲ್ಲಿ ಉಟ್ಟು ಬಿಟ್ಟದ್ದನ್ನು ಕೊಡುವುದು ಯಾರಿಗೆ? ಮನೆಗೆ ಬರುವ ಸೊಸೆಗೆ ಮಡಿಕೆ ಮುರಿಯದ ಸೀರೆ ಕೊಡುತ್ತೇವೆ. ಅವಳನ್ನು ಕರೆದು ಹಳೆ ಬಟ್ಟೆ ಹೊದಿಸುವುದಿಲ್ಲ. ಸಾಲದ್ದಕ್ಕೆ ಕೋಟಿನ ಅಂಚು ಮಗುಚಿದಾಗ ಒಳಬಟ್ಟೆಯಲ್ಲೊಂದು ತೂತು ಕಂಡಿತು. ಹರಿದದ್ದಲ್ಲ, ಸವೆದದ್ದಲ್ಲ. ಅಕ್ಕಿ ಚೀಲಗಳಲ್ಲಿ ಅಂಥ ತೂತು ನಾನು ಸಾಕಷ್ಟು ನೋಡಿದ್ದೆ. ಇಲಿ ಕಡಿದದ್ದು. ಹೇಳಿದ ಮಾತಿಗೆ ತಕ್ಕ ಕೋಟನ್ನೇ ಹುಡುಕಿ ತಂದಿದ್ದಾರೆ ಎಂದುಕೊಂಡೆ.

“ಹೊಸದನ್ನೇ ನೋಡೋಣ,” ಎಂದೆ. “ನಾನು ಕೊಡಿಸುತ್ತೇನೆ.”

“ಅಯ್ಯೋ, ಬೇಡ. ಹೊಸದು ತೀರಾ ಹೊಸದಾಗಿ ಕಾಣುತ್ತದೆ,” ಎಂದರು ಅವರು. ಈ ಮಾತಿಗೆ ಏನರ್ಥ ಎಂದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಗೋಡೆಗೆ ಕೆಂಪು ಕೋಟುಗಳ ಸಾಲು ತೂಗುತ್ತಿತ್ತು. ಹಿತ್ತಾಳೆ ಗುಂಡಿ, ನೋಡಿದರೆ ಕಣ್ಣು ತುಂಬುವ ಕೆಂಪು. ಅದನ್ನಾದರೂ ಕೊಳ್ಳೋಣವೆಂದು ನಾನು ಕೈ ಹಾಕಿದೆ. ಅಂಗಡಿಯವರು ಟೇಪನ್ನು ಕೊರಳಿಗೆ ಹಾಕಿಕೊಂಡಿದ್ದ ಸಣಕಲು ಮುದುಕ. “ಪಿಂಕ್ ಕೋಟು ಗಂಡಸರಿಗೆ, ಮೇಡಂ. ಅದೂ ಬೇಟೆಯ ಮುಖ್ಯಸ್ಥರು ಹಾಕಿಕೊಳ್ಳಲು ಹೇಳಿದರೆ ಮಾತ್ರ,” ಎಂದರು. ಕಣ್ಣೆದುರಿಗೆ ಕೆಂಪಗೆ ತೂಗುತ್ತಿರುವುದನ್ನು ಪಿಂಕ್ ಎಂದು ಕರೆಯುವ ಜನರ ಯಾವ ಮಾತನ್ನು ನಂಬುವುದು?

ಆಮೇಲೆ ಬೂಟು. ಮೊಣಕಾಲ ತನಕ ಬರುವ ಕರಿ ಚರ್ಮದ ಬೂಟುಗಳನ್ನು ಅಂಗಡಿಯವರು ಸಾಲಾಗಿ ಇಟ್ಟರು. ಕೆಲವಕ್ಕೆ ಮೇಲ್ಗಡೆ ಅಂಗೈ ಅಗಲ ಕಂದು ಪಟ್ಟಿ. ಚೆಂದ ಕಂಡಿತು. ಅದೂ ಕೆಂಪು ಕೋಟಿನವರಿಗಂತೆ.

“ಹುಡುಗಿಗೆ ಬುಚರ್ ಬೂಟ್ ಸರಿ,” ಎಂದರು ಹುಡುಗನ ತಾಯಿ.

ಕಟುಕನ ಬೂಟು. ನಾನು ಮಗಳ ಮುಖ ನೋಡಿದೆ. ಅವಳು ತಲೆಯಾಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮೊಟ್ಟೆ ಒಡೆದವರಿಲ್ಲ. ಇವಳಿಗೆ ಇಲಿ ಹಿಡಿಯುವವನ ಕೋಟು, ಕಟುಕನ ಬೂಟು. ಇನ್ನು ಟೋಪಿ ಯಾರದ್ದು ಕೊಡುತ್ತಾರೋ ನೋಡೋಣ ಎಂದು ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಯಾವ ಪಟ್ಟಿಯೂ ಇಲ್ಲದ ಸಾದಾ ಕರಿ ಬೂಟಿಗೆ ಹಾಗನ್ನುತ್ತಾರೆ ಎಂದು ಮಗಳು ಕಿವಿಯಲ್ಲಿ ಹೇಳಿದಳು. ಆದರೆ ಒಂದಕ್ಕೆ ಸಮಾಧಾನ ಸಿಕ್ಕ ಮಾತ್ರಕ್ಕೆ ಇನ್ನೊಂದು ತೀರಿತೇ?

ಬೂಟು ಏರಿಸುವುದೇ ಒಂದು ಯುದ್ಧ. ಕಾಲಿಗೆ ಪೌಡರು ಸುರಿದು, ಬೂಟಿನ ಒಳಗಿನ ಕಿವಿಯಂಥ ಪಟ್ಟಿಗೆ ಎರಡು ಕೊಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ ಎಳೆಯಬೇಕು. ಮಗಳು ಹಾಕಿಕೊಂಡು ನಡೆದಾಗ ಕೊಕ್ಕರೆಯ ಹಾಗೆ ಕಂಡಳು. ಮೊಣಕಾಲಿನ ಹಿಂದೆ ಚರ್ಮ ಒತ್ತಿ ಕೆಂಪಾಗಿತ್ತು.

“ಇದು ಉದ್ದವಾಯಿತು,” ಎಂದೆ.

“ಈಗ ಉದ್ದವಿರಬೇಕು, ಮೇಡಂ. ಹಾಕುತ್ತ ಹಾಕುತ್ತ ಹಿಮ್ಮಡಿಯ ಹತ್ತಿರ ಮಡಿಕೆ ಬಿದ್ದು ಕುಳಿತುಕೊಳ್ಳುತ್ತದೆ,” ಎಂದರು ಅಂಗಡಿಯವರು.

ಆಗದ ಮಾಲು ಸಾಗಿಸಲು ಎಲ್ಲ ಅಂಗಡಿಯವರೂ ಹೇಳುವುದು ಇದನ್ನೇ. ನಾನು ಬಗ್ಗಿ ಹೆಬ್ಬೆರಳು ಒತ್ತಿ ನೋಡಿದೆ, ಹೊಲಿಗೆ ಎಣಿಸುವವಳ ಹಾಗೆ ಬೆರಳಾಡಿಸಿದೆ, ಅಟ್ಟೆ ಮಡಚಿ ನೋಡಿದೆ. ಇನ್ನೊಂದು ಜೊತೆ ತರಿಸಿದೆ, ಮತ್ತೊಂದು ತರಿಸಿದೆ. ಹುಡುಗನ ತಾಯಿ ಬೇಸರಿಸಲಿಲ್ಲ. ನನ್ನ ಪಕ್ಕದಲ್ಲೇ ನೆಲದ ಮೇಲೆ ಮಂಡಿಯೂರಿ ಕುಳಿತು ಅವರೂ ಒತ್ತಿ ನೋಡಿದರು. “ನಿಮ್ಮ ಹಾಗೆ ನೋಡಿ ಕೊಳ್ಳುವವರು ಈಗ ಇಲ್ಲ,” ಎಂದರು. ಹೊಗಳಿದ್ದೋ, ಚುಚ್ಚಿದ್ದೋ? ಕೊನೆಗೆ ಮೊದಲು ಹಾಕಿದ ಜೊತೆಯನ್ನೇ ಆರಿಸಿದೆವು. ದುಡ್ಡು ನಾನೇ ಕೊಟ್ಟೆ. ಕೋಟಿನ ವಿಷಯದಲ್ಲಿ ಮಾತ್ರ ಮಗಳು ನನ್ನ ಮಾತು ಕೇಳಲಿಲ್ಲ. ಆ ಹಳೆಯದನ್ನು ಬಿಚ್ಚಲೇ ಇಲ್ಲ. ಅದನ್ನು ಹಾಕಿಕೊಂಡೇ ಊಟಕ್ಕೆ ಹೊರಟಳು.

ಹತ್ತಿರದ ಕೆಫೆಯಲ್ಲಿ ಕುಳಿತೆವು. ನಾನು ಚೀಸ್ ಸ್ಯಾಂಡ್‌ವಿಚ್‌ನ ಒಳಗೆ ಏನೇನಿದೆ ಎಂದು ತೆರೆದು ನೋಡುತ್ತಿದ್ದಾಗ ಹುಡುಗನ ತಾಯಿ ನನ್ನ ಕಡೆ ವಾಲಿ ಕೇಳಿದರು. “ನಿಮ್ಮ ಹೋಟೆಲ್ ಹೀಥ್ರೂ ಹತ್ತಿರವಂತೆ. ಎಷ್ಟು ಅನುಕೂಲ. ಮುಂದಿನ ತಿಂಗಳು ನಾನು ತಂಗಿಯ ಮನೆಗೆ ಹೋಗಬೇಕು, ವಿಮಾನ ಬೆಳಗ್ಗೆ ಬೇಗ. ಹಿಂದಿನ ದಿನ ನಿಮ್ಮಲ್ಲೇ ಉಳಿದರೆ ಹೇಗೆ? ಎಷ್ಟು ರೂಮುಗಳಿವೆ ನಿಮ್ಮಲ್ಲಿ?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ಹೀಗೇ ಆಗಿತ್ತು. ನಮ್ಮ ಭಾಷೆಯಲ್ಲಿ ದೋಸೆ ಕೊಡುವ ಜಾಗವೂ ಹೋಟೆಲೇ. ಇವಳು ಟೀಚರಿಗೆ, ಮೈ ಡ್ಯಾಡ್ ಹ್ಯಾಸ್ ಎ ಹೋಟೆಲ್ ಎಂದಿದ್ದಳು. ಎಷ್ಟು ರೂಮು ಎಂದು ಟೀಚರು ಕೇಳಿದ್ದರು. ಇವಳು ಮನೆಗೆ ಬಂದು, “ಅಮ್ಮ, ನಮ್ಮ ಹೋಟೆಲಿಗೆ ರೂಮು ಯಾಕಿಲ್ಲ?” ಎಂದು ಕೇಳಿದ್ದು, ನಾವೆಲ್ಲ ನಕ್ಕದ್ದು, ಇಂಗ್ಲಿಷಿನಲ್ಲಿ ಹೋಟೆಲೆಂದರೆ ಬೇರೆ ಎಂದು ಅವಳ ಅಪ್ಪ ಬಿಡಿಸಿ ಹೇಳಿದ್ದು ಎಲ್ಲ ನನಗೆ ನೆನಪಿದೆ. ಅಂದರೆ ಇವಳಿಗೆ ಗೊತ್ತಿದೆ. ಗೊತ್ತಿದ್ದೂ ಇವರಿಗೆ ಹೋಟೆಲ್ ಎಂದೇ ಹೇಳಿದ್ದಾಳೆ.

ಅಲ್ಲಿಗೆ ನನ್ನ ಅನುಮಾನವೆಲ್ಲ ಒಮ್ಮೆಗೇ ಆ ಹೆಂಗಸಿನಿಂದ ಎದ್ದು ಬಂದು ನನ್ನ ಮಗಳ ಮೇಲೆ ಕುಳಿತಿತು. ಅವರು ನಮ್ಮನ್ನು ಹುಡುಕಿ ನೋಡಿಯೇ ಇರಲಿಲ್ಲ. ನೋಡಿದ್ದರೆ ರೂಮು ಕೇಳುತ್ತಿರಲಿಲ್ಲ. ಇಲಿಯ ವಿಷಯವೇ ಅವರಿಗೆ ತಿಳಿಯದು. ಮುಚ್ಚಿಟ್ಟವಳು ಇವಳು, ಈ ಇಲಿ ಕಡಿದ ಕೋಟಿನಲ್ಲಿ ಕುಳಿತ ನನ್ನ ಸ್ವಂತ ಮಗಳು. ಅಳು ಬಂದ ಹಾಗಾಯಿತು. ಆದರೆ ಅವಳು ಅವರ ಮುಂದೆ ಸಿಕ್ಕಿಬೀಳುವುದನ್ನೂ ನನ್ನಿಂದ ನೋಡಲಾಗಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

“ಎಂಟು,” ಎಂದೆ. “ಎಂಟು ರೂಮು. ಚಿಕ್ಕ ಹೋಟೆಲು.”

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಬಾಯಿ ಅರ್ಧ ತೆರೆದಿತ್ತು. ನಾನು ಕಣ್ಣಿನಲ್ಲೇ ಸುಮ್ಮನಿರು ಎಂದೆ.

ಅವಳು ಸುಮ್ಮನಿರಲಿಲ್ಲ. “ರೂಮುಗಳಿಲ್ಲ,” ಎಂದಳು, ಆ ತಾಯಿಯ ಕಡೆ ತಿರುಗಿ. “ಎಂಟು ಟೇಬಲ್ಲು. ಅದು ದೋಸೆ ಕೆಫೆ. ನಮ್ಮ ಮನೆಯಲ್ಲಿ ಅದಕ್ಕೆ ಹೋಟೆಲ್ ಅಂತೀವಿ, ನನ್ನ ಬಾಯಿಗೂ ಹಾಗೇ ಬಂದುಬಿಡುತ್ತದೆ. ಅಪ್ಪ ದೋಸೆ ಹೊಯ್ಯುತ್ತಾರೆ, ಅಮ್ಮನದು ಉಳಿದ ಎಲ್ಲ ಅಡುಗೆ. ನಾನು ಬೆಳೆದದ್ದು ಅದರ ಕೌಂಟರಿನ ಹಿಂದೆ.” ಅಷ್ಟಕ್ಕೇ ಬಿಡದೆ, “ಒಮ್ಮೆ ನಮಗೆ ಇಲಿಗಳ ಕಾಟವಾಗಿತ್ತು. ನಿಮ್ಮ ರ‍್ಯಾಟ್‌ಕ್ಯಾಚರ್ ಅದನ್ನೇ ಕುರಿತದ್ದು ಎಂದು ಅಮ್ಮ ಒಂದು ವಾರದಿಂದ ಕುದಿಯುತ್ತಿದ್ದಾರೆ. ಅಪ್ಪ ಫೋನ್ ಮಾಡಿ ಹೇಳಿದರು,” ಎಂದಳು.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಗಂಡನ ಮೇಲೆ ಸಿಟ್ಟು, ಮಗಳ ಮೇಲೆ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಮಗಳು ನಮ್ಮನ್ನು ಮರೆಮಾಡುತ್ತಾಳೆಂದು ಕಾವಲಿಗೆ ಬಂದವಳು ನಾನು. ಮರೆಮಾಡಿದವಳೂ ನಾನೇ. ಇದ್ದ ಎಂಟು ಟೇಬಲ್ಲಿಗೆ ಬಾಗಿಲು ಹಚ್ಚಿ ರೂಮು ಮಾಡಿದ್ದೆ.

ಹುಡುಗನ ತಾಯಿ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. ಕಿವಿ ಕೆಂಪಾಗಿತ್ತು. “ರ‍್ಯಾಟ್‌ಕ್ಯಾಚರ್ ಎಂದರೆ ಬರೀ ಟ್ವೀಡ್ ಕೋಟು,” ಎಂದರು. “ನವೆಂಬರಿನಲ್ಲಿ ಬೇಟೆ ವಿಧಿವತ್ತಾಗಿ ಶುರುವಾದ ಮೇಲೆ ಕರಿ ಕೋಟು. ಅದಕ್ಕೆ ಮೊದಲು ಈ ಹಳೆಯದು. ಯಾಕೆ ಆ ಹೆಸರು ಎಂದು ನಾನು ಯಾವತ್ತೂ ಯೋಚಿಸಿಯೇ ಇಲ್ಲ.” ಆಮೇಲೆ ಕೈ ಚಾಚಿ ಮಗಳ ಕೋಟಿನ ಅಂಚು ಮಗುಚಿ ಆ ತೂತಿನೊಳಗೆ ಬೆರಳು ತೂರಿಸಿ ತೋರಿಸಿದರು. “ನೋಡಿ. ಜೀನು ಇಡುವ ಕೋಣೆಯಲ್ಲಿ ನಮಗೂ ಅವೇ. ಏನು ಮಾಡಿದರೂ ಹೋಗುವುದಿಲ್ಲ. ನೀವು ಹೇಗೆ ಓಡಿಸಿದಿರಿ?”

ಕೇಳಿದ್ದು ಮರ್ಯಾದೆಗೋ, ನಿಜವಾಗಿ ಬೇಕಾಗಿಯೋ? ನಾನು ಅವರ ಮುಖ ನೋಡಿದೆ. ಪರ್ಸಿನಿಂದ ಪೆನ್ನು ತೆಗೆದು ಅವರು ಕಾಯುತ್ತಿದ್ದರು. ತೂತಿಗೆ ಮೊದಲು ಸ್ಟೀಲಿನ ನಾರು ತುರುಕಬೇಕು, ಅದರ ಮೇಲೆ ಸಿಮೆಂಟು, ಬರೀ ಸಿಮೆಂಟನ್ನು ಕಡಿದು ಬರುತ್ತವೆ ಎಂದೆ. ಅವರು ಪೇಪರ್ ನ್ಯಾಪ್‌ಕಿನ್ ಮೇಲೆ ಬರೆದುಕೊಂಡರು.

ರೈಲು ನಿಲ್ದಾಣಕ್ಕೆ ನಡೆಯುವಾಗ ಮಗಳು ಬೂಟಿನ ಪೆಟ್ಟಿಗೆ ಹೊತ್ತಿದ್ದಳು. ಮೆಟ್ಟಿಲ ಹತ್ತಿರ ನಿಂತು, ಇಂಗ್ಲಿಷನ್ನು ಅಲ್ಲೇ ಬಿಟ್ಟು, “ಅಮ್ಮ, ನಾನ್ ಹೋಟ್ಲ್ ಅಂದದ್ದ್ ಅಷ್ಟೇ. ನಮ್ಮನಿಯಗೆ ಹೋಟ್ಲ್ ಅಂದ್ರ್ ಎಂತ?” ಎಂದಳು. ಅವಳ ಬಾಯಲ್ಲಿ ಅಷ್ಟು ಉದ್ದದ ಕುಂದಾಪುರದ ಮಾತು ಕೇಳಿ ವರ್ಷಗಳಾಗಿದ್ದವು. ಬೇಕೆಂದೇ ಹಾಗೆ ಹೇಳಿ ನನ್ನ ಬಾಯಿ ಕಟ್ಟಿದಳೋ ಎಂದು ಒಂದು ಅನುಮಾನ ಬಂತು. ಬಂದರೆ ಬರಲಿ ಎಂದು ಪೆಟ್ಟಿಗೆಯ ಒಂದು ಬದಿ ನಾನೂ ಹಿಡಿದುಕೊಂಡೆ.

ಮನೆಗೆ ಬಂದಾಗ ಗಂಡನಿಗೆ ಸುದ್ದಿ ಆಗಲೇ ಮುಟ್ಟಿತ್ತು. “ಎಂಟೇ? ಹತ್ ಅಂದ್ಕಂಡ್ ಹೇಳೂಕ್ ಆಯ್ಲಿಲ್ಯಾ?” ಎಂದರು. ಎರಡು ದಿನ ಅವರ ಕಾಫಿಗೆ ನಾನು ಸಕ್ಕರೆ ಹಾಕಲಿಲ್ಲ.

ಬೇಟೆಯ ದಿನ ಮಗಳು ನಮ್ಮ ಮನೆಯಿಂದಲೇ ಹೊರಟಳು. ಹುಡುಗ ಕಾರು ತಂದು ಓಣಿಯ ತುದಿಯಲ್ಲಿ ನಿಲ್ಲಿಸಿದ್ದ. ಪಾಚಿ ಬಣ್ಣದ ಕೋಟು, ಉದ್ದ ಬೂಟು; ಒಳಬಟ್ಟೆಯ ತೂತಿಗೆ ನಾನು ತೇಪೆ ಹಾಕಿದ್ದೆ. ಹಿಂದಿನ ಬಾಗಿಲು ತೆರೆದರೆ ಕಸದ ಡಬ್ಬಿಯ ಪಕ್ಕ ನರಿ ನಿಂತಿತ್ತು. ಅದು ಇವಳ ಬೂಟಿನಿಂದ ಮುಖದ ತನಕ ಒಮ್ಮೆ ನೋಡಿತು. ನನ್ನಷ್ಟೇ ಅನುಮಾನ ಅದಕ್ಕೂ ಇದ್ದ ಹಾಗಿತ್ತು. ಇವಳು ಅದು ಬೇಲಿ ದಾಟುವ ತನಕ ಅಲ್ಲಾಡದೆ ನಿಂತಳು. ಸಂಜೆ ಮೈಯೆಲ್ಲ ಕೆಸರು ಮಾಡಿಕೊಂಡು ಬಂದು, ದಿನವಿಡೀ ಬೇರೊಂದು ನರಿ ಕಣ್ಣಿಗೆ ಬೀಳಲಿಲ್ಲ ಎಂದಳು. ಬೂಟಿನ ಹಿಮ್ಮಡಿಯ ಹತ್ತಿರ ಎರಡು ಮಡಿಕೆ ಬಿದ್ದು, ಅಳತೆ ಸರಿಯಾಗಿ ಕುಳಿತಿತ್ತು.

ಮುಂದಿನ ತಿಂಗಳ ಒಂದು ಮಧ್ಯಾಹ್ನ, ಊಟದ ಹೊತ್ತು. ಹೋಟೆಲು ಗಿಜಿಗುಡುತ್ತಿತ್ತು. ನಾನು ಸಾರಿನ ಪಾತ್ರೆ ಹಿಡಿದು ಹೊರಗೆ ಬಂದರೆ ಬಾಗಿಲ ಗಾಜಿನ ಆಚೆ ಆ ಬಣ್ಣ ಹೋದ ಜಾಕೆಟ್ಟು ಕಂಡಿತು. ಕೈಯಲ್ಲಿ ಸೂಟ್‌ಕೇಸು. ವಿಮಾನ ಮರುದಿನ ಬೆಳಗ್ಗೆ. ಹತ್ತಿರದ ಯಾವುದೋ ನಿಜವಾದ ಹೋಟೆಲಿನಲ್ಲಿ ರೂಮು ಹಿಡಿದಿದ್ದರಂತೆ. ಒಳಗೆ ಬರುವ ಮೊದಲು ಅವರು ಬಾಗಿಲ ಮೇಲಿನ ಹಸಿರು ಸ್ಟಿಕರನ್ನು ಓದುವುದನ್ನು ನಾನು ನೋಡಿದೆ. ಓದಲಿ ಎಂದುಕೊಂಡೆ.

ಕೌಂಟರಿಗೆ ಬಂದು ನಗದೆ, ತೀರಾ ಗಂಭೀರವಾಗಿ, “ರೂಮು ಖಾಲಿ ಇದೆಯೇ?” ಎಂದು ಕೇಳಿದರು.

ಕಾವಲಿಯ ಮುಂದಿದ್ದ ನನ್ನ ಗಂಡ ಸಟ್ಟುಗ ಎತ್ತಿಹಿಡಿದು ನನ್ನನ್ನೇ ನೋಡಿದರು. ಹಂಗಿಸಿದ್ದೋ, ಸಲಿಗೆಯೋ? ನಾನು ಅವರ ಮುಖದಲ್ಲಿ ಹುಡುಕಿದೆ. ಕೋಟು, ಬೂಟು, ಮೆಸೇಜು ಎಲ್ಲದರಲ್ಲಿ ಹುಡುಕಿದ ಹಾಗೆಯೇ. ಆಮೇಲೆ ಹುಡುಕುವುದನ್ನು ಬಿಟ್ಟು ತಿರುಗಿ ಹೋಟೆಲು ನೋಡಿದೆ. ಕಿಟಕಿಯ ಹತ್ತಿರ, ಗೋಡೆಯ ಉದ್ದಕ್ಕೂ, ಕೈತೊಳೆಯುವಲ್ಲಿ, ಎಲ್ಲ ಕಡೆ ಜನ.

“ಎಂಟೂ ಭರ್ತಿ,” ಎಂದೆ. “ಸ್ವಲ್ಪ ಕಾಯಬೇಕು.”

ಅವರು ಸೂಟ್‌ಕೇಸನ್ನು ಗೋಡೆಗೆ ಒರಗಿಸಿ, ಗೋದಾಮಿನ ಹುಡುಗರ ಹಿಂದೆ ಸಾಲಿನಲ್ಲಿ ನಿಂತುಕೊಂಡರು.